ಒಂದೇ ದಂಡೆ, ಮೂರು ನಿಲ್ದಾಣಗಳು: ಪಿರೇಯಸ್‌ ಬಂದರಿನ ರೈಲುಗಳು

ಗ್ರೀಸ್‌ ದೇಶದ ಪಿರೇಯಸ್‌ ಬಂದರಿನಲ್ಲಿ ಹಡಗಿನಿಂದ ಇಳಿದು ದಂಡೆಯ ರಸ್ತೆಯನ್ನು ದಾಟಿದರೆ ಎದುರಿಗೇ ಒಂದು ರೈಲು ನಿಲ್ದಾಣವಿದೆ. ಅಲ್ಲಿಂದ ಬಂದರಿನ ಅಂಚನ್ನು ಹಿಡಿದು ಉತ್ತರಕ್ಕೆ ಕೆಲವೇ ನಿಮಿಷ ನಡೆದರೆ ಎರಡನೆಯ ನಿಲ್ದಾಣ ಸಿಗುತ್ತದೆ. ಇನ್ನೂ ಸ್ವಲ್ಪ ಮುಂದೆ ವಾಯವ್ಯಕ್ಕೆ ಹೋದರೆ ಮೂರನೆಯದೊಂದು ಇದೆ, ಆದರೆ ಅಲ್ಲಿ ಈಗ ಪ್ರಯಾಣಿಕರ ಸುಳಿವಿಲ್ಲ. ಮೂರೂ ಕಡೆ ಹಳಿಗಳು ಸಮುದ್ರದ ಬಳಿ ಬಂದು ನಿಲ್ಲುತ್ತವೆ, ಮೂರೂ ಕಡೆಯಿಂದ ಹೊರಟ ಹಳಿಗಳು ಅಥೆನ್ಸ್‌ ನಗರದ ಕಡೆಗೇ ಹೋಗುತ್ತವೆ. ಊರು ಒಂದು, ಬಂದರು ಒಂದು, ತಲುಪಬೇಕಾದ ರಾಜಧಾನಿಯೂ ಒಂದು. ಹಾಗಿರುವಾಗ ಮೂರು ನಿಲ್ದಾಣಗಳು ಏಕೆ ಬೇಕಾದವು ಎಂಬ ಪ್ರಶ್ನೆ ಅಲ್ಲಿ ಮೊದಲ ಸಲ ನಿಂತವರಿಗೆ ಸಹಜವಾಗಿಯೇ ಹುಟ್ಟುತ್ತದೆ. ಇದಕ್ಕೆ ಉತ್ತರ ಸಿಗುವುದು ಆಯಾ ಕಾಲದಲ್ಲಿ ಯಾರು ಹಣ ಹೂಡಿದರು, ಹಳಿಗಳ ನಡುವೆ ಎಷ್ಟು ಅಂತರ ಇಟ್ಟರು, ರೈಲನ್ನು ಯಾವ ಶಕ್ತಿಯಿಂದ ಓಡಿಸಿದರು ಎಂಬ ವಿವರಗಳಲ್ಲಿ.

ಮೊದಲು ನೆಲದ ವಿಚಾರ. ಅಥೆನ್ಸ್‌ ಕಡಲ ತೀರದ ನಗರವಲ್ಲ. ಅದು ಸಮುದ್ರದಿಂದ ಏಳೆಂಟು ಕಿಲೋಮೀಟರ್‌ ಒಳಗಿದೆ. ಕ್ರಿಸ್ತಪೂರ್ವ ಐದನೆಯ ಶತಮಾನದ ಆರಂಭದಲ್ಲಿ ಥೆಮಿಸ್ಟೊಕ್ಲೀಸ್‌ ಎಂಬ ಮುತ್ಸದ್ದಿ ಅಥೆನ್ಸ್‌ನ ಭವಿಷ್ಯ ನೌಕಾಬಲದಲ್ಲಿದೆ ಎಂದು ಕಂಡುಕೊಂಡು ಪಿರೇಯಸ್‌ ಪರ್ಯಾಯದ್ವೀಪವನ್ನು ಕೋಟೆಯಾಗಿಸಲು ಮುಂದಾದನು. ಅಲ್ಲಿ ಪ್ರಕೃತಿಯೇ ಕೊಟ್ಟ ಮೂರು ರೇವುಗಳಿದ್ದವು: ದೊಡ್ಡದಾದ ಕಾಂಥರೋಸ್‌, ಮತ್ತೆ ಝೇಯಾ, ಮುನಿಖಿಯಾ. ಆಮೇಲೆ ನಗರದಿಂದ ಬಂದರಿನವರೆಗೆ ಎರಡೂ ಬದಿಯಲ್ಲಿ ಉದ್ದನೆಯ ಗೋಡೆಗಳು ಎದ್ದವು. ಮುತ್ತಿಗೆ ಬಿದ್ದಾಗಲೂ ಕಡಲಿನ ದಾರಿ ತೆರೆದಿರಬೇಕೆಂಬುದು ಅವುಗಳ ಉದ್ದೇಶವಾಗಿತ್ತು. ನಗರಕ್ಕೂ ಬಂದರಿಗೂ ನಡುವಿನ ಬಯಲನ್ನು ಬೆಸೆಯುವ ಕೆಲಸ ರೈಲಿಗಿಂತ ಇಪ್ಪತ್ತಮೂರು ಶತಮಾನಗಳಷ್ಟು ಹಳೆಯದು ಎಂಬುದನ್ನು ನೆನಪಿಸಲು ಇದನ್ನು ಹೇಳಿದೆ. ರೋಮನ್ನರ ದಾಳಿಯ ನಂತರ ಊರು ಕ್ಷೀಣಿಸಿತು. ಮಧ್ಯಯುಗದಲ್ಲಿ ದಂಡೆಯ ಮೇಲೆ ನಿಂತಿದ್ದ ಅಮೃತಶಿಲೆಯ ಸಿಂಹವೊಂದರಿಂದಾಗಿ ನಾವಿಕರು ಈ ರೇವನ್ನು ಪೋರ್ತೋ ಲಿಯೋನೆ, ಅಂದರೆ ಸಿಂಹದ ಬಂದರು, ಎಂದು ಕರೆಯುತ್ತಿದ್ದರು. ಹದಿನೇಳನೆಯ ಶತಮಾನದ ಕೊನೆಯಲ್ಲಿ ವೆನಿಸ್‌ನ ಸೇನೆ ಆ ಸಿಂಹವನ್ನೂ ಹೊತ್ತೊಯ್ದಿತು. ಅದು ಇಂದಿಗೂ ವೆನಿಸ್‌ನ ನೌಕಾಗಾರದ ಮುಂದೆ ಕುಳಿತಿದೆ.

1834ರಲ್ಲಿ ಹೊಸ ಗ್ರೀಕ್‌ ರಾಜ್ಯದ ರಾಜಧಾನಿ ನಾಫ್ಪ್ಲಿಯೋದಿಂದ ಅಥೆನ್ಸ್‌ಗೆ ಸ್ಥಳಾಂತರವಾಯಿತು. ಹಾಳುಬಿದ್ದಿದ್ದ ಪಿರೇಯಸ್‌ಗೆ ಮತ್ತೆ ಜೀವ ಬಂದದ್ದು ಆಗಲೇ. ರಾಜಧಾನಿಗೆ ಬೇಕಾದ ಧಾನ್ಯ, ಕಲ್ಲಿದ್ದಲು, ಮರ, ಬಟ್ಟೆ, ಜನ, ಎಲ್ಲವೂ ಹಡಗಿನಲ್ಲೇ ಬರಬೇಕಿತ್ತು. ಬಂದರಿನಿಂದ ನಗರಕ್ಕೆ ಧೂಳಿನ ರಸ್ತೆಯಲ್ಲಿ ಗಾಡಿಗಳು ಓಡುತ್ತಿದ್ದವು. 1855ರಲ್ಲಿ ಅಥೆನ್ಸ್‌ ಮತ್ತು ಪಿರೇಯಸ್‌ ನಡುವೆ ರೈಲುಮಾರ್ಗ ಹಾಕಲು ಕಾನೂನೇನೋ ಬಂತು, ಆದರೆ ಹಣವಿರಲಿಲ್ಲ. ಹನ್ನೆರಡು ವರ್ಷಗಳ ಎಳೆದಾಟದ ನಂತರ ಎಡ್ವರ್ಡ್‌ ಪಿಕರಿಂಗ್‌ ಎಂಬ ಇಂಗ್ಲಿಷ್‌ ಉದ್ಯಮಿ ಮುಂದೆ ಬಂದಾಗ ಕೆಲಸ ನಿಜವಾಗಿ ಶುರುವಾಯಿತು.

ಮೊದಲ ನಿಲ್ದಾಣ

1869ರ ಫೆಬ್ರುವರಿ 27ರಂದು ಪಿರೇಯಸ್‌ನಿಂದ ಥಿಸ್ಸಿಯೋವರೆಗಿನ ಮಾರ್ಗ ಉದ್ಘಾಟನೆಯಾಯಿತು. ರಾಣಿ ಓಲ್ಗಾ ಮತ್ತು ಪ್ರಧಾನಿ ಥ್ರಾಸಿವುಲೋಸ್‌ ಝೈಮಿಸ್‌ ಮೊದಲ ಪ್ರಯಾಣಿಕರ ಸಾಲಿನಲ್ಲಿದ್ದರು. ಸುಮಾರು ಎಂಟೂವರೆ ಕಿಲೋಮೀಟರ್‌ ದಾರಿಯನ್ನು ಹಬೆಯ ಬಂಡಿ 19 ನಿಮಿಷಗಳಲ್ಲಿ ಮುಗಿಸಿತು. ಹಳಿಗಳ ನಡುವಿನ ಅಂತರ 1,435 ಮಿಲಿಮೀಟರ್‌. ಇಂಗ್ಲೆಂಡಿನಲ್ಲಿ ಹುಟ್ಟಿ ಯುರೋಪಿನ ಬಹುಭಾಗ ಒಪ್ಪಿಕೊಂಡಿದ್ದ, ಸ್ಟ್ಯಾಂಡರ್ಡ್‌ ಗೇಜ್‌ ಎಂದೇ ಹೆಸರಾದ ಅಳತೆಯದು. ಇಂಗ್ಲಿಷ್‌ ಹಣ ಮತ್ತು ಇಂಗ್ಲಿಷ್‌ ರೂಢಿಯ ಜೊತೆಗೆ ಆ ಅಳತೆಯೂ ಬಂದಿತು. ಈ ಅಂಕಿಯನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಮುಂದಿನ ಕಥೆಯ ಬಹುಪಾಲು ತೊಡಕು ಇದರಿಂದಲೇ ಹುಟ್ಟುತ್ತದೆ.

ನಿಲ್ದಾಣವನ್ನು ದಂಡೆಯ ಮೇಲೇ ಕಟ್ಟಿದ್ದರ ಲಾಭ ಸರಳವಾದದ್ದು. ಹಡಗಿನಿಂದ ಇಳಿದವರು ಗಾಡಿ ಹುಡುಕದೆ ನಡೆದೇ ರೈಲನ್ನು ತಲುಪಬಹುದಿತ್ತು. ಆದರೆ ಕಂಪನಿ ಹಡಗಿನ ಪ್ರಯಾಣಿಕರನ್ನೇ ನೆಚ್ಚಿಕೊಂಡು ಕೂರಲಿಲ್ಲ. 1874ರಲ್ಲಿ ಮಾರ್ಗವು ಗ್ರೀಕ್‌ ಬ್ಯಾಂಕೊಂದರ ಕೈಗೆ ಬಂದ ಮೇಲೆ, ಪಿರೇಯಸ್‌ಗೆ ಪಕ್ಕದ ನಿಲ್ದಾಣವಾದ ನೆಯೋ ಫಾಲಿರೋದಲ್ಲಿ ಕಡಲ ಸ್ನಾನದ ತಾಣ, ರಂಗಮಂದಿರ, ಹೋಟೆಲುಗಳು ಬೆಳೆದವು. ಬೇಸಗೆಯ ಸಂಜೆ ಅಥೆನ್ಸ್‌ನ ಕುಟುಂಬಗಳು ಗಾಳಿ ಸೇವನೆಗೆ ರೈಲು ಹತ್ತಿ ಬರುತ್ತಿದ್ದವು. 1896ರ ಮೊದಲ ಆಧುನಿಕ ಒಲಿಂಪಿಕ್‌ ಕ್ರೀಡಾಕೂಟದ ಸೈಕಲ್‌ ಸ್ಪರ್ಧೆಗಳು ನಡೆದ ವೃತ್ತಾಕಾರದ ಮೈದಾನವೂ ಇದೇ ಫಾಲಿರೋದಲ್ಲಿತ್ತು. ಅದೇ ಜಾಗದಲ್ಲಿ ಈಗ ಕರೈಸ್ಕಾಕಿಸ್‌ ಫುಟ್‌ಬಾಲ್‌ ಕ್ರೀಡಾಂಗಣ ನಿಂತಿದೆ. ಹಳಿ ಹಾಕಿದ ಕಂಪನಿಯೇ ಜನ ಪ್ರಯಾಣಿಸಲು ಕಾರಣವನ್ನೂ ಒದಗಿಸಬೇಕೆಂಬ ಜಾಣತನ ಇಲ್ಲಿ ಕಾಣುತ್ತದೆ.

ಮಾರ್ಗದ ಇನ್ನೊಂದು ತುದಿ ಥಿಸ್ಸಿಯೋದಲ್ಲೇ ನಿಂತಿದ್ದರೆ ಅದು ನಗರದ ಅಂಚಿನ ರೈಲಾಗಿ ಉಳಿಯುತ್ತಿತ್ತು. 1895ರಲ್ಲಿ ಅದನ್ನು ನೆಲದಡಿಯ ಸುರಂಗದ ಮೂಲಕ ನಗರದ ನಡುವಿನ ಒಮೋನಿಯಾ ಚೌಕದವರೆಗೆ ಒಯ್ಯಲಾಯಿತು. ಈ ಕಾಮಗಾರಿಗೆ ತೋಡಿದ ಕಂದಕವು ಪ್ರಾಚೀನ ಅಗೋರಾದ, ಅಂದರೆ ಸಾಕ್ರೆಟಿಸ್‌ ಮಾತನಾಡುತ್ತಾ ಓಡಾಡಿದ ಪೇಟೆಬಯಲಿನ, ಉತ್ತರ ಭಾಗವನ್ನೇ ಸೀಳಿಕೊಂಡು ಹೋಯಿತು. 1891ರಲ್ಲಿ ಅಗೆಯುವಾಗ ಹನ್ನೆರಡು ದೇವತೆಗಳ ಬಲಿಪೀಠದ ಒಂದು ಮೂಲೆ ಹೊರಬಂದಿತು. ಅಥೆನ್ಸ್‌ನಿಂದ ಎಲ್ಲ ಊರುಗಳಿಗೆ ಇರುವ ದೂರವನ್ನು ಹಿಂದೆ ಅಳೆಯುತ್ತಿದ್ದದ್ದು ಆ ಬಲಿಪೀಠದಿಂದಲೇ. ಅದರ ಬಹುಭಾಗ ಇಂದಿಗೂ ಹಳಿಗಳ ಅಡಿಯಲ್ಲೇ ಹುದುಗಿದೆ. ದೂರವನ್ನು ಅಳೆಯುವ ಮೂಲಬಿಂದುವಿನ ಮೇಲೆಯೇ ಪಿರೇಯಸ್‌ ರೈಲು ದಿನವೂ ಓಡುವುದು ನನಗೆ ಈ ಮಾರ್ಗದ ಅತ್ಯಂತ ಮನಮುಟ್ಟುವ ವಿವರ. ಆ ಪೇಟೆಬಯಲು ಎರಡು ತುಂಡಾದದ್ದು ನಷ್ಟವೇ ಎಂಬುದನ್ನೂ ಜೊತೆಗೇ ಹೇಳಬೇಕು.

1904ರ ಸೆಪ್ಟೆಂಬರ್‌ 16ರಂದು ಹಬೆ ಹೋಗಿ ವಿದ್ಯುತ್‌ ಬಂದಿತು. ಓಡುವ ಎರಡು ಹಳಿಗಳ ಪಕ್ಕದಲ್ಲಿ ಮೂರನೆಯದೊಂದು ಹಳಿಯನ್ನು ಹಾಕಿ, ಅದರಲ್ಲಿ ನೇರ ವಿದ್ಯುತ್‌ ಹರಿಸಿ, ಬೋಗಿಯ ಬದಿಯಲ್ಲಿರುವ ಲೋಹದ ಪಾದುಕೆ ಅದನ್ನು ಸವರುತ್ತಾ ಹೋಗುವ ವ್ಯವಸ್ಥೆ ಇದು. ಸುರಂಗದಲ್ಲಿ ಹೊಗೆಯ ಕಾಟ ತಪ್ಪಿತು, ತಲೆಯ ಮೇಲೆ ತಂತಿ ಎಳೆಯಬೇಕಾಗಲಿಲ್ಲ. ಜನ ಈ ಮಾರ್ಗವನ್ನು ‘ಇಲೆಕ್ತ್ರಿಕೋಸ್‌’, ಅಂದರೆ ವಿದ್ಯುತ್ತಿನದು, ಎಂದು ಕರೆಯಲಾರಂಭಿಸಿದರು. ಇಂದು ಅಧಿಕೃತವಾಗಿ ಅದು ಅಥೆನ್ಸ್‌ ಮೆಟ್ರೋದ 1ನೇ ಮಾರ್ಗ, ನಕ್ಷೆಯಲ್ಲಿ ಹಸಿರು ಬಣ್ಣದ್ದು; ಆದರೂ ಹಳಬರ ಬಾಯಲ್ಲಿ ಇಲೆಕ್ತ್ರಿಕೋಸ್‌ ಎಂಬ ಹೆಸರೇ ಉಳಿದಿದೆ. ಒಮೋನಿಯಾದಿಂದಾಚೆ 1948ರಲ್ಲಿ ವಿಕ್ಟೋರಿಯಾ, ಮರುವರ್ಷ ಅತ್ತಿಕಿ, ಹೀಗೆ ಹಂತಹಂತವಾಗಿ ಬೆಳೆದು 1957ರಲ್ಲಿ ಕಿಫಿಸ್ಸಿಯಾ ತಲುಪಿದ ಮೇಲೆ ಮಾರ್ಗ ಇಂದಿನ ರೂಪಕ್ಕೆ ಬಂದಿತು: ಸುಮಾರು 25.6 ಕಿಲೋಮೀಟರ್‌, 24 ನಿಲ್ದಾಣಗಳು, ದಕ್ಷಿಣದ ತುದಿಯಲ್ಲಿ ಕಡಲು, ಉತ್ತರದ ತುದಿಯಲ್ಲಿ ಪೈನ್‌ ಮರಗಳ ತಂಪಿನ ಬೀದಿಗಳು.

ಪಿರೇಯಸ್‌ನಲ್ಲಿ ನಾವು ಈಗ ನೋಡುವ ಕಟ್ಟಡ 1869ರದ್ದಲ್ಲ. ಅದು 1920ರ ದಶಕದ ಕೊನೆಯದು. 1928ರ ಹೊತ್ತಿಗೆ ಸಿದ್ಧವಾಯಿತು. ಅದರ ಹಿಂದಿನ ವರ್ಷಗಳನ್ನು ನೆನೆದರೆ ಹಳೆಯ ನಿಲ್ದಾಣ ಏಕೆ ಸಾಲದೇ ಹೋಯಿತೆಂಬುದು ತಿಳಿಯುತ್ತದೆ. 1922ರಲ್ಲಿ ಏಷ್ಯಾ ಮೈನರ್‌ನಿಂದ ಮನೆಮಠ ಕಳೆದುಕೊಂಡ ಗ್ರೀಕರು ಹಡಗು ಹಡಗಾಗಿ ಇದೇ ಬಂದರಿಗೆ ಬಂದಿಳಿದರು. ಅವರಲ್ಲಿ ಬಹಳಷ್ಟು ಮಂದಿ ಪಿರೇಯಸ್‌ನ ಸುತ್ತ, ನಿಕೈಯಾ, ಕೆರತ್ಸೀನಿ, ದ್ರಪೆತ್ಸೋನಾಗಳಲ್ಲಿ ನೆಲೆಸಿದರು. ಕಾರ್ಖಾನೆಗಳು ಹೆಚ್ಚಿದವು, ಕೂಲಿಗೆ ಹೋಗುವವರ ಸಂಖ್ಯೆ ಹೆಚ್ಚಿತು. 1926ರಲ್ಲಿ ರೈಲು ಕಂಪನಿಯೂ ಹೊಸ ಆಡಳಿತಕ್ಕೆ ಸೇರಿ ‘ಹೆಲೆನಿಕ್‌ ವಿದ್ಯುತ್‌ ರೈಲ್ವೆ’ ಎಂಬ ಹೆಸರು ಪಡೆಯಿತು. ಹೊಸ ಕಟ್ಟಡ ಎದ್ದದ್ದು ಈ ಹಿನ್ನೆಲೆಯಲ್ಲಿ.

ಆ ಕಟ್ಟಡದ ವಿನ್ಯಾಸವನ್ನು ಅರ್ಥ ಮಾಡಿಕೊಳ್ಳಲು ಅದು ಕೊನೆಯ ನಿಲ್ದಾಣ ಎಂಬುದನ್ನು ಗಮನಿಸಬೇಕು. ರೈಲು ಮುಂದೆ ಎಲ್ಲಿಗೂ ಹೋಗುವುದಿಲ್ಲ. ಹಳಿಗಳು ತಡೆಗಂಬಗಳಿಗೆ ಬಂದು ಮುಗಿಯುತ್ತವೆ. ಆದ್ದರಿಂದ ಪ್ರಯಾಣಿಕರು ಮೇಲ್ಸೇತುವೆ ಹತ್ತುವ, ಸುರಂಗ ಇಳಿಯುವ ಅಗತ್ಯವಿಲ್ಲ. ರಸ್ತೆಯ ಮಟ್ಟದಿಂದ ದ್ವಾರ, ದ್ವಾರದಿಂದ ಹಜಾರ, ಹಜಾರದಿಂದ ಪ್ಲಾಟ್‌ಫಾರ್ಮ್‌, ಎಲ್ಲವೂ ಸಮತಟ್ಟಾಗಿವೆ. ಪ್ಲಾಟ್‌ಫಾರ್ಮುಗಳ ಮೇಲೆ ಉಕ್ಕಿನ ಕಮಾನುಗಳೂ ಗಾಜೂ ಸೇರಿದ ಎತ್ತರದ ಚಾವಣಿ ಇದೆ. ಹತ್ತೊಂಬತ್ತನೆಯ ಶತಮಾನದ ದೊಡ್ಡ ಯುರೋಪಿಯನ್‌ ನಿಲ್ದಾಣಗಳಲ್ಲಿ ಇಂಥ ಚಾವಣಿಗಳನ್ನು ಕಟ್ಟುತ್ತಿದ್ದದ್ದು ಹಬೆ ಮತ್ತು ಹೊಗೆ ಮೇಲೇರಿ ಚದುರಲೆಂದು. ಪಿರೇಯಸ್‌ನಲ್ಲಿ ಆ ಹೊತ್ತಿಗೆ ಹೊಗೆಯೇ ಇರಲಿಲ್ಲ, ವಿದ್ಯುತ್‌ ಬಂದು ಎರಡು ದಶಕಗಳು ಕಳೆದಿದ್ದವು. ಆದರೂ ಆ ರೂಪವನ್ನೇ ಉಳಿಸಿಕೊಂಡದ್ದು ಬೆಳಕಿಗಾಗಿ ಮತ್ತು ಗಾಂಭೀರ್ಯಕ್ಕಾಗಿ ಎಂದು ನನಗೆ ತೋರುತ್ತದೆ. ದ್ವೀಪಗಳಿಂದ ಬಂದ ಮನುಷ್ಯನಿಗೆ ರಾಜಧಾನಿಯ ಮೊದಲ ನೋಟ ಇದೇ ಆಗಿತ್ತಲ್ಲವೇ.

ಎರಡನೆಯದು ಮತ್ತು ಒಂದು ಮೀಟರಿನ ತೊಡಕು

1880ರ ದಶಕದ ಆರಂಭದಲ್ಲಿ ಖರಿಲಾವೋಸ್‌ ತ್ರಿಕೂಪಿಸ್‌ ಪ್ರಧಾನಿಯಾದಾಗ ಗ್ರೀಸ್‌ನಲ್ಲಿ ಪಿರೇಯಸ್‌ನ ಈ ಮಾರ್ಗವನ್ನು ಬಿಟ್ಟರೆ ಹೇಳಿಕೊಳ್ಳುವಂಥ ರೈಲೇ ಇರಲಿಲ್ಲ. ದೇಶದ ಮುಖ್ಯ ರಫ್ತು ಒಣದ್ರಾಕ್ಷಿ. ಅದು ಬೆಳೆಯುತ್ತಿದ್ದದ್ದು ಪೆಲೊಪೊನೀಸ್‌ ಪರ್ಯಾಯದ್ವೀಪದ ಕರಾವಳಿಯಲ್ಲಿ. ಗುಡ್ಡಬೆಟ್ಟಗಳ ನಡುವೆ ಸಾಗುವ ಮಾರ್ಗಕ್ಕೆ ಅಗಲದ ಹಳಿಗಳನ್ನು ಹಾಕಿದರೆ ಖರ್ಚು ಮಿತಿಮೀರುತ್ತದೆ, ಏಕೆಂದರೆ ಹಳಿ ಅಗಲವಾದಷ್ಟೂ ತಿರುವುಗಳು ವಿಶಾಲವಾಗಬೇಕು, ತಿರುವು ವಿಶಾಲವಾದಷ್ಟೂ ಬೆಟ್ಟ ಕಡಿಯುವುದು, ಸುರಂಗ ಕೊರೆಯುವುದು, ಸೇತುವೆ ಕಟ್ಟುವುದು ಹೆಚ್ಚಾಗುತ್ತದೆ. ಬಡ ರಾಜ್ಯದ ಲೆಕ್ಕಾಚಾರಕ್ಕೆ 1,000 ಮಿಲಿಮೀಟರಿನ ಮೀಟರ್‌ ಗೇಜ್‌ ಹೊಂದಿತು. 1882ರಲ್ಲಿ ‘ಪಿರೇಯಸ್‌, ಅಥೆನ್ಸ್‌ ಮತ್ತು ಪೆಲೊಪೊನೀಸ್‌ ರೈಲ್ವೆ’ ಕಂಪನಿ ಸ್ಥಾಪನೆಯಾಯಿತು. 1884ರಲ್ಲಿ ಪಿರೇಯಸ್‌ನ ದಂಡೆಯ ಬಳಿ ಅದರ ನಿಲ್ದಾಣ ತೆರೆಯಿತು. 1885ರಲ್ಲಿ ರೈಲು ಕೊರಿಂಥ್‌ಗೆ, 1887ರಲ್ಲಿ ಪಶ್ಚಿಮದ ಬಂದರು ಪಾತ್ರಾಸ್‌ಗೆ ಮುಟ್ಟಿತು. 1893ರಲ್ಲಿ ಕೊರಿಂಥ್‌ ಕಾಲುವೆ ತೆರೆದಾಗ ಈ ಪುಟ್ಟ ರೈಲು ಅದರ ಆಳವಾದ ಕಂದರವನ್ನು ಸೇತುವೆಯ ಮೇಲೆ ದಾಟಿತು.

ಮೀಟರ್‌ ಗೇಜ್‌ ಎಂದರೇನು ಎಂದು ಕನ್ನಡದ ಹಿರಿಯ ಓದುಗರಿಗೆ ಹೇಳಿಕೊಡಬೇಕಾಗಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ಹಳಿ ಬಿದ್ದದ್ದೂ ಇದೇ 1880ರ ದಶಕದ ಆರಂಭದಲ್ಲಿ, ಇದೇ ಒಂದು ಮೀಟರಿನ ಅಳತೆಯಲ್ಲಿ, ಕಾರಣವೂ ಇದೇ ಮಿತವ್ಯಯ. ಮದ್ರಾಸಿನ ಕಡೆಯಿಂದ ಬ್ರಾಡ್‌ ಗೇಜ್‌ನಲ್ಲಿ ಬಂದವರು ಬೆಂಗಳೂರಿನಲ್ಲಿ ಇಳಿದು, ಗಂಟುಮೂಟೆ ಹೊತ್ತು, ಮೈಸೂರಿನ ಸಣ್ಣ ಗಾಡಿ ಹತ್ತಬೇಕಾಗಿದ್ದ ಕಾಲವನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಪಿರೇಯಸ್‌ನ ಪರಿಸ್ಥಿತಿ ಅದೇ ಬಗೆಯದು. ಒಂದು ನಿಲ್ದಾಣದ ಬೋಗಿ ಪಕ್ಕದ ನಿಲ್ದಾಣದ ಹಳಿಯ ಮೇಲೆ ಹೋಗುವಂತಿರಲಿಲ್ಲ. ಎರಡಕ್ಕೂ ನಡುವೆ 435 ಮಿಲಿಮೀಟರುಗಳ ವ್ಯತ್ಯಾಸ ಅಡ್ಡ ನಿಂತಿತ್ತು. ಮೇಲಾಗಿ ಎರಡೂ ಕಂಪನಿಗಳು ಅಥೆನ್ಸ್‌ ಮತ್ತು ಪಿರೇಯಸ್‌ ನಡುವಿನ ಪ್ರಯಾಣದಲ್ಲಿ ಪರಸ್ಪರ ಪೈಪೋಟಿಗೆ ನಿಂತವು. ಹಾಗಾಗಿ ಒಂದೇ ಕಟ್ಟಡದಲ್ಲಿ ಸೇರಿಕೊಳ್ಳುವ ಆಲೋಚನೆಗೆ ತಾಂತ್ರಿಕ ಕಾರಣವೂ ಇರಲಿಲ್ಲ, ವ್ಯಾವಹಾರಿಕ ಕಾರಣವೂ ಇರಲಿಲ್ಲ.

ಮೂರನೆಯದು

1881ರಲ್ಲಿ ಥೆಸ್ಸಲಿ ಪ್ರಾಂತ ಗ್ರೀಸ್‌ಗೆ ಸೇರಿತು. ಉತ್ತರದ ಗಡಿಯಾಚೆ ಆಗಿನ್ನೂ ಒಟ್ಟೊಮನ್‌ ಸಾಮ್ರಾಜ್ಯ. ಪಿರೇಯಸ್‌ನಿಂದ ಲಾರಿಸ್ಸಾ ದಾಟಿ ಗಡಿಯವರೆಗೆ ಹೋಗಿ, ಮುಂದೊಂದು ದಿನ ಯುರೋಪಿನ ರೈಲುಗಳಿಗೆ ಜೋಡಣೆಯಾಗುವ ಮಾರ್ಗ ಬೇಕೆಂಬ ಆಸೆ ಹುಟ್ಟಿತು. ಯುರೋಪಿಗೆ ಸೇರಬೇಕಾದ ಮಾರ್ಗ ಯುರೋಪಿನ ಅಳತೆಯಲ್ಲೇ ಇರಬೇಕಿತ್ತು. ಆದ್ದರಿಂದ ಇಲ್ಲಿ ಮತ್ತೆ 1,435 ಮಿಲಿಮೀಟರ್‌. ಕಾಮಗಾರಿ ಆರಂಭವಾಗಿ ಸ್ವಲ್ಪ ಕಾಲದಲ್ಲೇ, 1893ರಲ್ಲಿ, ಗ್ರೀಸ್‌ ಸರ್ಕಾರ ಸಾಲ ತೀರಿಸಲಾಗದೆ ದಿವಾಳಿ ಎದ್ದಿತು, ಕೆಲಸ ನಿಂತುಹೋಯಿತು. ಹೊಸ ಗುತ್ತಿಗೆಯಲ್ಲಿ ಮತ್ತೆ ಶುರುವಾಗಿ 1904ರಲ್ಲಿ ಮೊದಲ ಭಾಗ ತೆರೆದಾಗ ಪಿರೇಯಸ್‌ನಲ್ಲಿ ಅದರ ನಿಲ್ದಾಣವೂ ತೆರೆಯಿತು. ಅದೇ ಆಯಿಯೋಸ್‌ ದಿಯೋನಿಸಿಯೋಸ್‌, ಮೂರನೆಯ ನಿಲ್ದಾಣ. ಅಂದರೆ ಒಂದೇ 1904ರಲ್ಲಿ ಮೊದಲ ನಿಲ್ದಾಣಕ್ಕೆ ವಿದ್ಯುತ್‌ ರೈಲು ಬಂದಿತು, ಮೂರನೆಯ ನಿಲ್ದಾಣಕ್ಕೆ ಹೊಸ ಹಬೆಯ ರೈಲು ಬಂದಿತು.

ಇಲ್ಲೊಂದು ಸೂಕ್ಷ್ಮವಿದೆ. ಮೊದಲನೆಯ ಮತ್ತು ಮೂರನೆಯ ನಿಲ್ದಾಣಗಳ ಹಳಿಯ ಅಳತೆ ಒಂದೇ. ಹಾಗಾದರೆ ಅವೆರಡಾದರೂ ಸೇರಬಹುದಿತ್ತಲ್ಲ? ಒಂದು ಮಾರ್ಗ ನಗರದೊಳಗೆ ನಿಮಿಷ ನಿಮಿಷಕ್ಕೂ ಓಡುವ ವಿದ್ಯುತ್‌ ರೈಲಿಗಾಗಿ ಸಜ್ಜಾಗಿತ್ತು, ಇನ್ನೊಂದು ದೂರದ ಸರಕು ಮತ್ತು ಪ್ರಯಾಣಿಕರ ಉದ್ದನೆಯ ಗಾಡಿಗಳಿಗಾಗಿ. ಮಾಲೀಕರು ಬೇರೆ, ಸಿಗ್ನಲ್‌ ಬೇರೆ, ನೆಲದಡಿಯ ಸುರಂಗದ ಎತ್ತರ ಅಗಲಗಳು ಬೇರೆ. ಹಳಿಯ ಅಂತರ ಒಂದಾದ ಮಾತ್ರಕ್ಕೆ ರೈಲುಗಳು ಒಂದಾಗುವುದಿಲ್ಲ ಎಂಬುದನ್ನು ಪಿರೇಯಸ್‌ ಚೆನ್ನಾಗಿ ತೋರಿಸಿಕೊಡುತ್ತದೆ.

ಉತ್ತರದ ಮಾರ್ಗ ಗಡಿಯನ್ನು ಮುಟ್ಟಿದ್ದು 1909ರಲ್ಲಿ. ಬಾಲ್ಕನ್‌ ಯುದ್ಧಗಳಲ್ಲಿ ಥೆಸ್ಸಲೊನೀಕಿ ಗ್ರೀಸ್‌ನ ವಶವಾದ ಮೇಲೆ, 1916ರಲ್ಲಿ ನಡುವಿನ ತುಂಡೂ ಕೂಡಿಕೊಂಡು ಪಿರೇಯಸ್‌ನ ದಂಡೆಗೂ ಮಧ್ಯ ಯುರೋಪಿಗೂ ನೇರ ಹಳಿಯ ಸಂಬಂಧ ಏರ್ಪಟ್ಟಿತು. 1920ರಲ್ಲಿ ಉತ್ತರದ ಮಾರ್ಗ ಸರ್ಕಾರಿ ರೈಲ್ವೆಯಾಯಿತು. ಪೆಲೊಪೊನೀಸ್‌ನ ಮೀಟರ್‌ ಗೇಜ್‌ ಕಂಪನಿ 1962ರಲ್ಲಿ ಅದರಲ್ಲಿ ಲೀನವಾಯಿತು. ವಿದ್ಯುತ್‌ ರೈಲ್ವೆ ಮಾತ್ರ ಪ್ರತ್ಯೇಕವಾಗಿಯೇ ಉಳಿದು, 1976ರಲ್ಲಿ ರಾಷ್ಟ್ರೀಕರಣಗೊಂಡು, 2011ರಲ್ಲಿ ಮೆಟ್ರೋ ಮತ್ತು ಟ್ರಾಮ್‌ಗಳ ಜೊತೆ ಒಂದೇ ಸಂಸ್ಥೆಯಡಿ ಬಂದಿತು. ನಡುವೆ, 1936ರಿಂದ 1977ರವರೆಗೆ, ಪಿರೇಯಸ್‌ನಿಂದ ಹಡಗು ಕಟ್ಟುವ ಪೆರಮಾ ಊರಿಗೆ ಟ್ರಾಮ್‌ ಮಾರ್ಗವೊಂದಿತ್ತು. ಅದನ್ನೂ ಇದೇ ವಿದ್ಯುತ್‌ ರೈಲ್ವೆ ನಡೆಸುತ್ತಿತ್ತು.

ಯುದ್ಧದ ವರ್ಷಗಳನ್ನು ಒಂದೆರಡು ಮಾತಿನಲ್ಲಾದರೂ ನೆನೆಯಬೇಕು. 1941ರ ಏಪ್ರಿಲ್‌ 6ರ ರಾತ್ರಿ ಜರ್ಮನ್‌ ವಿಮಾನಗಳು ಬಂದರಿನ ಮೇಲೆ ದಾಳಿ ಮಾಡಿದಾಗ ಸಿಡಿಮದ್ದು ತುಂಬಿದ್ದ ‘ಕ್ಲಾನ್‌ ಫ್ರೇಸರ್‌’ ಎಂಬ ಬ್ರಿಟಿಷ್‌ ಹಡಗು ಸ್ಫೋಟಗೊಂಡು ಧಕ್ಕೆಗಳೂ ಗೋದಾಮುಗಳೂ ಛಿದ್ರವಾದವು. 1944ರ ಜನವರಿ 11ರಂದು, ಜರ್ಮನರ ಆಕ್ರಮಣದಡಿ ಇದ್ದ ಊರಿನ ಮೇಲೆ ಮಿತ್ರರಾಷ್ಟ್ರಗಳ ವಿಮಾನಗಳು ಬಾಂಬು ಸುರಿಸಿದಾಗ ಸತ್ತವರಲ್ಲಿ ಹೆಚ್ಚಿನವರು ಸಾಮಾನ್ಯ ನಾಗರಿಕರು.

ಬಿಡಿಬಿಡಿಯಾಗಿದ್ದುದನ್ನು ಕಟ್ಟಿದ ಕಾಲ

2004ರ ಅಥೆನ್ಸ್‌ ಒಲಿಂಪಿಕ್ಸ್‌ ಹತ್ತಿರವಾದಾಗ 1ನೇ ಮಾರ್ಗದ ಹಳೆಯ ನಿಲ್ದಾಣಗಳನ್ನು ನವೀಕರಿಸಲಾಯಿತು. ಮರುವರ್ಷ ಒಂದು ದೊಡ್ಡ ತೀರ್ಮಾನ ಜಾರಿಗೆ ಬಂದಿತು: ಪಿರೇಯಸ್‌ ಮತ್ತು ಅಥೆನ್ಸ್‌ ನಡುವಿನ ಮೀಟರ್‌ ಗೇಜ್‌ ಸಂಚಾರ 2005ರಲ್ಲಿ ನಿಂತಿತು. ತ್ರಿಕೂಪಿಸ್‌ ಕಾಲದ ಎರಡನೆಯ ನಿಲ್ದಾಣ ಹಾಗೆ ಮುಚ್ಚಿಹೋಗಬಹುದಿತ್ತು. ಆದರೆ ಆ ಕಟ್ಟಡಕ್ಕೆ ಹೊಸ ಕೆಲಸ ಸಿಕ್ಕಿತು. ಸ್ಟ್ಯಾಂಡರ್ಡ್‌ ಗೇಜ್‌ ಹಳಿಗಳು ಅಲ್ಲಿಗೆ ಬಂದು, 2007ರಿಂದ ಅದು ‘ಪ್ರೋಆಸ್ತಿಯಾಕೋಸ್‌’ ಎಂಬ ಉಪನಗರ ರೈಲುಗಳ ತುದಿ ನಿಲ್ದಾಣವಾಯಿತು. 2018ರಲ್ಲಿ ಈ ಭಾಗಕ್ಕೂ ವಿದ್ಯುತ್‌ ಬಂದಿತು. ಅಲ್ಲಿಂದ ಈಗ ವಿಮಾನ ನಿಲ್ದಾಣದ ಕಡೆಗೂ, ಕೊರಿಂಥ್‌ ದಾಟಿ ಕಿಯಾತೋ ಕಡೆಗೂ ರೈಲುಗಳಿವೆ. ಪೆಲೊಪೊನೀಸ್‌ನ ಮೀಟರ್‌ ಗೇಜ್‌ ಜಾಲದ ಬಹುಭಾಗ ಮಾತ್ರ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, 2011ರಲ್ಲಿ, ಸ್ತಬ್ಧವಾಯಿತು. ಒಣದ್ರಾಕ್ಷಿಯ ನಾಡಿನ ಆ ಪುಟ್ಟ ನಿಲ್ದಾಣಗಳು ಖಾಲಿಯಾಗಿ ನಿಂತಿರುವುದು ನೋವಿನ ಸಂಗತಿ.

2021ರ ಡಿಸೆಂಬರ್‌ನಲ್ಲಿ ಪಿರೇಯಸ್‌ನ ಬೀದಿಗಳಿಗೆ ಟ್ರಾಮ್‌ ಮರಳಿತು. 2022ರ ಅಕ್ಟೋಬರ್‌ 10ರಂದು ಮೆಟ್ರೋದ 3ನೇ ಮಾರ್ಗ, ನಕ್ಷೆಯಲ್ಲಿ ನೀಲಿ ಬಣ್ಣದ್ದು, ಮನಿಯಾತಿಕಾ, ಪಿರೇಯಸ್‌ ಮತ್ತು ದಿಮೋತಿಕೋ ಥೆಯಾತ್ರೋ ನಿಲ್ದಾಣಗಳನ್ನು ಮುಟ್ಟಿತು. ಈ ಕೊನೆಯ ಕೆಲಸ ಸುಲಭದ್ದಾಗಿರಲಿಲ್ಲ. ಕಡಲ ಅಂಚಿನಲ್ಲಿ ನೆಲವನ್ನು ಆಳಕ್ಕೆ ಅಗೆದಾಗ ನೀರು ಒತ್ತಿಕೊಂಡು ಬರುತ್ತದೆ. ಹೀಗಾಗಿ ನಿಲ್ದಾಣವನ್ನು ನೀರು ನುಗ್ಗದ ಗಟ್ಟಿ ಪೆಟ್ಟಿಗೆಯಂತೆ ಕಟ್ಟಬೇಕು, ಆ ಪೆಟ್ಟಿಗೆ ಕೆಳಗಿನ ನೀರಿನ ಒತ್ತಡಕ್ಕೆ ಮೇಲೇಳದಂತೆಯೂ ನೋಡಿಕೊಳ್ಳಬೇಕು. ಅದರ ಮೇಲೆ ಪುರಾತತ್ವದ ಕೆಲಸ. ಪ್ರಾಚೀನ ಪಿರೇಯಸ್‌ನಲ್ಲಿ ಸಿಹಿನೀರು ಅಪರೂಪವಾಗಿದ್ದುದರಿಂದ ಮನೆಮನೆಯಲ್ಲೂ ಬಾವಿಗಳನ್ನೂ ಮಳೆನೀರಿನ ತೊಟ್ಟಿಗಳನ್ನೂ ಬಂಡೆಯಲ್ಲಿ ಕೊರೆದಿದ್ದರು. ದಿಮೋತಿಕೋ ಥೆಯಾತ್ರೋ ಬಳಿ ಅಗೆದಾಗ ಅಂಥವು ಸಾಲುಸಾಲಾಗಿ ಸಿಕ್ಕವು, ತೇವದ ಕೆಸರಿನಲ್ಲಿ ಹುದುಗಿದ್ದ ಮರದ ವಸ್ತುಗಳೂ ಕೊಳೆಯದೆ ಉಳಿದಿದ್ದವು. ಹಳಿ ಹಾಕುವವರು ಕಾಯಬೇಕಾಯಿತು. ಅಗೋರಾವನ್ನು ಸೀಳಿದ 1890ರ ದಶಕಕ್ಕೂ ಈ ತಾಳ್ಮೆಗೂ ಇರುವ ಅಂತರ ನನಗೆ ಸಮಾಧಾನ ಕೊಡುತ್ತದೆ.

ಈಗ ಅಲ್ಲಿ ಏನೇನಿದೆ

ಇಂದಿನ ಪ್ರಯಾಣಿಕನ ದೃಷ್ಟಿಯಿಂದ ನೋಡಿದರೆ ಗೊಂದಲ ಬಹಳ ಕಡಿಮೆಯಾಗಿದೆ. 1928ರ ಕಟ್ಟಡದಿಂದ ಹಸಿರು ಮಾರ್ಗ ಹೊರಟು ಮೊನಸ್ತಿರಾಕಿ, ಒಮೋನಿಯಾಗಳಂಥ ನಗರದ ನಡುವಿನ ನಿಲ್ದಾಣಗಳಿಗೆ ಕರೆದೊಯ್ಯುತ್ತದೆ. ಅದಕ್ಕೆ ಹೊಂದಿಕೊಂಡೇ ನೆಲದ ಆಳದಲ್ಲಿ ನೀಲಿ ಮಾರ್ಗದ ನಿಲ್ದಾಣವಿದೆ. ಚಲಿಸುವ ಮೆಟ್ಟಿಲುಗಳೂ ಲಿಫ್ಟುಗಳೂ ಇರುವುದರಿಂದ ವೃದ್ಧರಿಗೆ, ಗಾಲಿಕುರ್ಚಿಯವರಿಗೆ, ದೊಡ್ಡ ಪೆಟ್ಟಿಗೆ ಹೊತ್ತವರಿಗೆ ಇಳಿದು ಹತ್ತುವುದು ಕಷ್ಟವಲ್ಲ. ನಗರದೊಳಗಿನ ಸಾಮಾನ್ಯ ಟಿಕೆಟ್‌ 90 ನಿಮಿಷ ನಡೆಯುತ್ತದೆ, ಆ ಅವಧಿಯಲ್ಲಿ ಮೆಟ್ರೋ, ಬಸ್ಸು, ಟ್ರಾಮ್‌ ಬದಲಿಸಬಹುದು. ವಿಮಾನ ನಿಲ್ದಾಣಕ್ಕೆ ಮೆಟ್ರೋದಲ್ಲಿ ಹೋಗುವವರು ಮಾತ್ರ ಬೇರೆಯ, ಹೆಚ್ಚು ಬೆಲೆಯ ಟಿಕೆಟ್‌ ಪಡೆಯಬೇಕು. ರೈಲಿಲ್ಲದ ಅಪರಾತ್ರಿಯಲ್ಲಿ ಹಡಗಿಳಿದವರಿಗೆ ಎಕ್ಸ್‌96 ಬಸ್ಸು ಹಗಲಿರುಳೂ ವಿಮಾನ ನಿಲ್ದಾಣಕ್ಕೆ ಓಡುತ್ತದೆ.

ಹಡಗು ಹಿಡಿಯಲು ಹೋಗುವವರು ಒಂದು ಸಂಗತಿಯನ್ನು ತಿಳಿದಿರಬೇಕು. ಬಂದರಿನ ದ್ವಾರಗಳಿಗೆ ‘ಇ’ ಅಕ್ಷರದ ಜೊತೆ ಸಂಖ್ಯೆ ಕೊಟ್ಟಿದ್ದಾರೆ. ನಿಲ್ದಾಣದ ಎದುರಿಗೆ ಇರುವುದು ಇ6 ಮತ್ತು ಇ7. ದಟ್ಟ ವಾಹನಗಳ ದಂಡೆ ರಸ್ತೆಯನ್ನು ದಾಟಲು ಪಾದಚಾರಿ ಸೇತುವೆ ಇದೆ. ಆದರೆ ಇ1, ಇ2 ದ್ವಾರಗಳು ರೇವಿನ ಇನ್ನೊಂದು ಬದಿಯಲ್ಲಿವೆ. ದಂಡೆ ಬಾಗಿಕೊಂಡು ಹೋಗುವುದರಿಂದ ಕಣ್ಣಿಗೆ ಹತ್ತಿರ ಕಂಡರೂ ಕಾಲಿಗೆ ಅದು ಒಂದೂವರೆ ಕಿಲೋಮೀಟರಿಗೂ ಹೆಚ್ಚಿನ ದಾರಿ. ಬಂದರಿನ ಒಳಗೆ ಉಚಿತ ಬಸ್ಸು ಸಿಗುತ್ತದೆ. ಟಿಕೆಟ್ಟಿನಲ್ಲಿ ದ್ವಾರದ ಸಂಖ್ಯೆಯನ್ನು ಮೊದಲೇ ನೋಡಿಕೊಂಡು, ದೂರದ ದ್ವಾರವಾದರೆ ಅರ್ಧ ಗಂಟೆ ಮುಂಚೆ ಬರುವುದು ಲೇಸು.

ಸಮಯವಿದ್ದವರು ಹಸಿರು ಮಾರ್ಗದ ಕಟ್ಟಡದಲ್ಲೇ ಇರುವ ವಿದ್ಯುತ್‌ ರೈಲ್ವೆಯ ಸಂಗ್ರಹಾಲಯವನ್ನು ನೋಡಬೇಕು. ಅದು 2005ರಲ್ಲಿ ತೆರೆಯಿತು, ಅದರ ಹಿಂದೆ ಇದ್ದವರು ಇದೇ ರೈಲ್ವೆಯ ನಿವೃತ್ತ ನೌಕರರು. ಹಳೆಯ ಟಿಕೆಟ್ಟುಗಳು, ಸಮವಸ್ತ್ರಗಳು, ಸಿಗ್ನಲ್‌ ಸಾಧನಗಳು, ಮಾದರಿಗಳು ಅಲ್ಲಿ ಒಟ್ಟುಗೂಡಿವೆ. ಈ ಮಾರ್ಗದಲ್ಲಿ ಮರದ ಬೋಗಿಗಳು 1980ರ ದಶಕದವರೆಗೂ ಓಡಿದ್ದನ್ನು ನೆನೆದರೆ ಆ ನೌಕರರ ಅಕ್ಕರೆ ಎಲ್ಲಿಂದ ಬಂತೆಂಬುದು ಗೊತ್ತಾಗುತ್ತದೆ.

ಮೂರನೆಯ ನಿಲ್ದಾಣದ ಸರಕಿನ ಕೆಲಸ ಬೇರೆಡೆಗೆ ಹೋಯಿತು. ಕಂಟೇನರ್‌ಗಳ ಕಾಲದಲ್ಲಿ ಬಂದರಿನ ಭಾರವೆಲ್ಲ ಪಶ್ಚಿಮದ ನೆಯೋ ಇಕೋನಿಯೋಗೆ ಸರಿಯಿತು, ಅಲ್ಲಿಂದ ಥ್ರಿಯಾಸಿಯೋ ಬಯಲಿಗೆ ಹೊಸ ರೈಲು ಸಂಪರ್ಕ 2013ರಲ್ಲಿ ತೆರೆಯಿತು. ಮೊದಲ ಎರಡು ನಿಲ್ದಾಣಗಳ ಮಾತು ಬೇರೆ. ಇಲ್ಲಿಂದ ವಿಮಾನ ನಿಲ್ದಾಣಕ್ಕೆ ಈಗ ಎರಡು ರೈಲುಗಳಿವೆ: ಒಂದು ನೀಲಿ ಮೆಟ್ರೋ, ಮೂರನೆಯ ಹಳಿಯಿಂದ 750 ವೋಲ್ಟ್‌ ವಿದ್ಯುತ್‌ ಪಡೆಯುವಂಥದ್ದು, ಇನ್ನೊಂದು ಪ್ರೋಆಸ್ತಿಯಾಕೋಸ್‌, ತಲೆಯ ಮೇಲಿನ ತಂತಿಯಿಂದ 25,000 ವೋಲ್ಟ್‌ ಪಡೆಯುವಂಥದ್ದು. ಪಿರೇಯಸ್‌ನಲ್ಲಿ ಕೂಗಳತೆಯ ದೂರದಲ್ಲಿ ಬೇರೆ ಬೇರೆ ಕಡೆಯಿಂದ ಹೊರಟ ಇವು ನಗರವನ್ನು ಬೇರೆ ಬೇರೆ ದಾರಿಯಲ್ಲಿ ಹಾಯುತ್ತವೆ. ಪೂರ್ವದ ದುಕಿಸಿಸ್‌ ಪ್ಲಾಕೆಂತಿಯಾಸ್‌ ನಿಲ್ದಾಣ ದಾಟಿದ ಮೇಲೆ, ಎರಡೂ ಬಗೆಯ ವಿದ್ಯುತ್‌ ಬಳಸಬಲ್ಲಂತೆ ಕಟ್ಟಿದ ಮೆಟ್ರೋ ಬೋಗಿಗಳು ತಂತಿಯ ವಿದ್ಯುತ್ತಿಗೆ ಬದಲಾಗುತ್ತವೆ. ಅಲ್ಲಿಂದ ವಿಮಾನ ನಿಲ್ದಾಣದವರೆಗೆ, ಪಲ್ಲಿನಿ, ಪೈಯಾನಿಯಾ, ಕೊರೋಪಿಗಳ ಬಳಿಯ ಬಯಲಿನಲ್ಲಿ, ಎರಡು ರೈಲುಗಳೂ ಒಂದೇ ಹಳಿಗಳ ಮೇಲೆ ಒಂದರ ಹಿಂದೆ ಒಂದು ಓಡುತ್ತವೆ.